ನೆಕ್ ಬಿಚ್ಚಿದಾಗ ಕಾಣುವ ಕೈಬರಹ

ಫೆಂಡರ್ ಕಂಪನಿಯ ಹಳೆಯ ಬೇಸ್ ಗಿಟಾರಿನ (ತಗ್ಗು ಸ್ವರದ, ನಾಲ್ಕು ದಪ್ಪ ತಂತಿಯ ಗಿಟಾರು) ವಯಸ್ಸನ್ನು ಹೊರಗಿನಿಂದ ನೋಡಿ ಹೇಳುವುದು ಕಷ್ಟ. ಹಿಂಬದಿಯ ಲೋಹದ ತಟ್ಟೆಯ ಮೇಲೆ ಸೀರಿಯಲ್ ನಂಬರ್ ಇರುತ್ತದೆ, ನಿಜ. ಆದರೆ ಕಾರ್ಖಾನೆಯಲ್ಲಿ ಆ ತಟ್ಟೆಗಳನ್ನು ನಂಬರಿನ ಕ್ರಮದಲ್ಲಿ ಹಾಕುತ್ತಿರಲಿಲ್ಲ, ಡಬ್ಬಕ್ಕೆ ಕೈ ಹಾಕಿದಾಗ ಯಾವುದು ಸಿಕ್ಕಿತೋ ಅದು. ಹಾಗಾಗಿ ಅದರಿಂದ ಒಂದು ಅಂದಾಜು ಸಿಗುತ್ತದೆ, ಅಷ್ಟೇ. ಜಾಸ್ತಿ ತಿಳಿಯಬೇಕೆಂದರೆ ನೆಕ್, ಅಂದರೆ ಗಿಟಾರಿನ ಉದ್ದನೆಯ ಕತ್ತನ್ನು, ಬಿಚ್ಚಬೇಕು. ಒಳಗೆ ಕೆಲಸಗಾರರು ಬರೆದಿಟ್ಟ ಪೆನ್ಸಿಲ್ ಗೀಚು, ರಬ್ಬರ್ ಸ್ಟಾಂಪು, ಅಂಟುಪಟ್ಟಿಯ ಮೇಲಿನ ಹೆಸರು ಇರುತ್ತವೆ.

ನಾನು ದಕ್ಷಿಣ ಕ್ಯಾಲಿಫೋರ್ನಿಯಾದ ಆರೆಂಜ್ ಕೌಂಟಿಯಲ್ಲಿ ಗಿಟಾರ್ ರಿಪೇರಿ ಮಾಡುತ್ತೇನೆ. ಫುಲ್ಲರ್ಟನ್ ಊರು ಇದೇ ಕೌಂಟಿಯಲ್ಲಿದೆ. ಕಂಪನಿ ಕಟ್ಟಿದ ಲಿಯೋ ಫೆಂಡರ್ 1951ರಲ್ಲಿ ಪ್ರಿಸಿಷನ್ ಬೇಸ್ ಎಂಬ ಮಾದರಿ ಹೊರತಂದದ್ದು ಅಲ್ಲಿಂದಲೇ. 1953ರಲ್ಲಿ ಕಾರ್ಖಾನೆ ಸೌತ್ ರೇಮಂಡ್ ಅವೆನ್ಯೂಗೆ ಹೋಯಿತು. ಆಗ ಅಲ್ಲಿ ಕೆಲಸ ಮಾಡುತ್ತಿದ್ದವರಲ್ಲಿ ಸುತ್ತಮುತ್ತಲಿನ ಮೆಕ್ಸಿಕನ್ ಮೂಲದ ಗಂಡಸರು, ಹೆಂಗಸರು ತುಂಬಾ ಜನ. ಈ ಗುರುತುಗಳನ್ನು ಬರೆದದ್ದು ಅವರೇ. ಅದಕ್ಕೇ ನಾನು ಇವನ್ನು ಬರೀ ತಾರೀಖು ಅಂತ ನೋಡುವುದಿಲ್ಲ. ಒಬ್ಬರು ತಮ್ಮ ಕೆಲಸ ಮುಗಿಸಿ ಮುಂದಿನವರ ಕೈಗೆ ಕೊಡುವಾಗ ಹಾಕಿದ ಸಹಿ ಅದು.

ಈಚೆಗೆ ಒಬ್ಬರು ಸನ್‌ಬರ್ಸ್ಟ್ ಬಣ್ಣದ ಪ್ರಿಸಿಷನ್ ಬೇಸ್ ತಂದರು. ತಂದೆಯವರದ್ದಂತೆ. ಮಾರುವ ಯೋಚನೆ ಇಲ್ಲ, ಯಾವ ವರ್ಷದ್ದು, ಎಷ್ಟು ಭಾಗ ಮೂಲದ್ದು ಅಂತ ಗೊತ್ತಾದರೆ ಸಾಕು ಎಂದರು. ನಾನು ಮಾಡಿದ ಕ್ರಮವನ್ನೇ ಇಲ್ಲಿ ಹೇಳುತ್ತೇನೆ.

ಮೊದಲು ತಂತಿ ಸಡಿಲಿಸಿದೆ. ನಾಲ್ಕನ್ನೂ ಸ್ವಲ್ಪ ಸ್ವಲ್ಪವೇ, ಸರದಿಯಲ್ಲಿ. ಬೇಸಿನ ತಂತಿಯ ಎಳೆತ ದೊಡ್ಡದು. ಒಂದೇ ಏಟಿಗೆ ಬಿಡುವುದು ನನಗೆ ಇಷ್ಟವಿಲ್ಲ. ಆಮೇಲೆ ಹಿಂಬದಿಯ ನಾಲ್ಕು ಸ್ಕ್ರೂ. ಇಲ್ಲಿ ಸ್ಕ್ರೂಡ್ರೈವರಿನ ತುದಿ ಸ್ಕ್ರೂವಿನ ತಲೆಗೆ ಸರಿಯಾಗಿ ಕೂರಬೇಕು. ಐವತ್ತು ಅರವತ್ತು ವರ್ಷದ ಸ್ಕ್ರೂವಿನ ತಲೆ ಸವೆದರೆ ಅದನ್ನು ಸರಿಮಾಡುವ ದಾರಿಯಿಲ್ಲ. ತೆಗೆದ ಸ್ಕ್ರೂಗಳನ್ನು ಒಂದು ರಟ್ಟಿನ ಮೇಲೆ ಅವು ಇದ್ದ ಜಾಗಕ್ಕೆ ತಕ್ಕಂತೆ ಚುಚ್ಚಿಟ್ಟೆ. ನೆಕ್ ಎತ್ತುವಾಗ ಕೆಳಗೊಂದು ತೆಳು ಕಾಗದದ ತುಂಡು ಕಾಣಿಸಿತು. ನೆಕ್ಕಿನ ಕೋನ ಸರಿಮಾಡಲು ಇಟ್ಟ ಶಿಮ್ ಅದು. ಅದನ್ನು ಕಸ ಅಂತ ಎಸೆದವರನ್ನು ನೋಡಿದ್ದೇನೆ. ದಯವಿಟ್ಟು ಎಸೆಯಬೇಡಿ, ಅದೂ ಆ ಗಿಟಾರಿನ ಭಾಗವೇ. ಎಲ್ಲಿತ್ತೋ ಅಲ್ಲೇ ವಾಪಸ್ ಹೋಗಬೇಕು.

ನೆಕ್ಕಿನ ಬುಡದಲ್ಲಿ ಸ್ಟಾಂಪು ಚೆನ್ನಾಗಿ ಉಳಿದಿತ್ತು: 5 ಮೇ 66 ಸಿ.

ತುಂಬಾ ಜನ ಇದನ್ನು 1966ರ ಮೇ ಐದನೇ ತಾರೀಖು ಅಂತ ಓದುತ್ತಾರೆ. ಹಾಗಲ್ಲ. ಮೊದಲ ಅಂಕಿ ಮಾದರಿಯ ಸಂಕೇತ. ಐದು ಅಂದರೆ ಪ್ರಿಸಿಷನ್ ಬೇಸ್, ಏಳು ಅಂದರೆ ಜಾಝ್ ಬೇಸ್. ತಿಂಗಳು, ವರ್ಷ ಮಾತ್ರ ನಿಜವಾದ ಕಾಲ. ಕೊನೆಯ ಅಕ್ಷರ ನಟ್ (ನೆಕ್ಕಿನ ಮೇಲ್ತುದಿಯಲ್ಲಿ ತಂತಿಗಳು ಕೂರುವ ಪಟ್ಟಿ) ಹತ್ತಿರ ನೆಕ್ಕಿನ ಅಗಲ. ಎ ಅಂದರೆ ಒಂದೂವರೆ ಇಂಚು, ಬಿ ಅಂದರೆ ಅದಕ್ಕಿಂತ ಇಂಚಿನ ಎಂಟನೇ ಒಂದು ಭಾಗ ಜಾಸ್ತಿ, ಸಿ ಅಂದರೆ ಒಂದೂ ಮುಕ್ಕಾಲು ಇಂಚು. ಕ್ಯಾಲಿಪರ್ ಹಿಡಿದು ಅಳೆದೆ, ಒಂದೂ ಮುಕ್ಕಾಲೇ ಬಂತು. ಸ್ಟಾಂಪು ಹೇಳುವುದಕ್ಕೂ ಮರ ಹೇಳುವುದಕ್ಕೂ ತಾಳೆ ಆದರೆ ನಂಬಿಕೆ ಗಟ್ಟಿಯಾಗುತ್ತದೆ. ನಕಲಿ ಸ್ಟಾಂಪು ಒತ್ತಿ ಮಾರುವವರೂ ಇದ್ದಾರೆ. ಹಾಗಾಗಿ ಈ ಅಳತೆಯನ್ನು ನಾನು ಯಾವತ್ತೂ ಬಿಡುವುದಿಲ್ಲ.

ರಬ್ಬರ್ ಸ್ಟಾಂಪು ಬಂದದ್ದು 1962ರ ಹೊತ್ತಿಗೆ. ಅದಕ್ಕೆ ಮುಂಚೆ ಪೆನ್ಸಿಲ್. ಐವತ್ತರ ದಶಕದ ಮೊದಲರ್ಧದ ನೆಕ್ಕುಗಳ ಬುಡದಲ್ಲಿ ಕೆಲವೊಮ್ಮೆ ತಾರೀಖಿನ ಜೊತೆ ಟಿ.ಜಿ. ಅಂತ ಇರುತ್ತದೆ. ಅದು ಟಾಡಿಯೋ ಗೋಮೆಝ್ ಅವರ ಗುರುತು. ನೆಕ್ಕಿಗೆ ಆಕಾರ ಕೊಡುತ್ತಿದ್ದ ಕೆಲಸಗಾರ ಅವರು. ಇವತ್ತು ಆ ಎರಡು ಅಕ್ಷರ ಕಂಡರೆ ಸಂಗ್ರಹಕಾರರು ಬೆಲೆ ಏರಿಸುತ್ತಾರೆ. ಪೆನ್ಸಿಲ್ ಓದಲು ನನ್ನ ಉಪಾಯ ತುಂಬಾ ಸರಳ. ಕೋಣೆ ಕತ್ತಲು ಮಾಡಿ, ಸಣ್ಣ ಟಾರ್ಚನ್ನು ಮರದ ಮೇಲ್ಮೈಗೆ ಹೆಚ್ಚುಕಡಿಮೆ ಮಲಗಿಸಿ ಹಿಡಿಯುತ್ತೇನೆ. ಸೀಸ ಅಳಿಸಿಹೋಗಿದ್ದರೂ ಒತ್ತಿ ಬರೆದ ಗೆರೆಯ ತಗ್ಗು ನೆರಳಾಗಿ ಕಾಣುತ್ತದೆ. ನೀರು, ಸ್ಪಿರಿಟ್, ಪಾಲಿಶ್ ಯಾವುದನ್ನೂ ಅಲ್ಲಿಗೆ ತಾಗಿಸಬಾರದು. ಯಾರೋ ರಿಪೇರಿಯವರು ಚೊಕ್ಕ ಮಾಡುತ್ತೇನೆಂದು ಉಪ್ಪುಕಾಗದ ಹಾಕಿ ಉಜ್ಜಿದ ನೆಕ್ಕೊಂದು ನನ್ನ ಮೇಜಿಗೆ ಬಂದಿತ್ತು. ಬಿಳಿ ಮೇಪಲ್ ಮರ ಬಿಟ್ಟರೆ ಅಲ್ಲೇನೂ ಉಳಿದಿರಲಿಲ್ಲ. ಹೊಟ್ಟೆ ಉರಿಯಿತು.

ಬಾಡಿಯಲ್ಲಿ ನೆಕ್ ಕೂರುವ ತಗ್ಗನ್ನೂ ನೋಡಿದೆ. ಒಂದು ಪಟ್ಟಿಯಷ್ಟು ಜಾಗಕ್ಕೆ ಮೇಲ್ಬಣ್ಣ ಹತ್ತಿರಲಿಲ್ಲ. ಬಣ್ಣ ಹೊಡೆಯುವಾಗ ಹಿಡಿದುಕೊಳ್ಳಲು ಅಲ್ಲಿಗೊಂದು ಕೋಲನ್ನು ಸ್ಕ್ರೂ ಹಾಕಿ ಕೂರಿಸುತ್ತಿದ್ದರು, ಅದರ ಗುರುತು. ಯಾರೂ ಬೇಕೆಂದು ಬರೆದದ್ದಲ್ಲ, ಆದರೂ ನನ್ನ ಮಟ್ಟಿಗೆ ಇದು ಸ್ಟಾಂಪಿನಷ್ಟೇ ಒಳ್ಳೆಯ ಸಾಕ್ಷಿ. ಬಾಡಿಗೆ ಪೂರ್ತಿ ಹೊಸ ಬಣ್ಣ ಹೊಡೆದಿದ್ದರೆ ಈ ಪಟ್ಟಿ ಸಾಮಾನ್ಯವಾಗಿ ಮುಚ್ಚಿಹೋಗಿರುತ್ತದೆ.

ಇನ್ನು ಪಿಕ್‌ಗಾರ್ಡ್, ಅಂದರೆ ಬಾಡಿಯ ಮುಂಭಾಗಕ್ಕೆ ಹಾಕಿದ ಪ್ಲಾಸ್ಟಿಕ್ ಹಾಳೆ. ಹದಿಮೂರು ಸ್ಕ್ರೂ. ಹಳೆಯ ಪ್ಲಾಸ್ಟಿಕ್ ವರ್ಷಗಳಲ್ಲಿ ಕುಗ್ಗುತ್ತದೆ. ತೆಗೆದ ಮೇಲೆ ತೂತಿಗೆ ತೂತು ಕೂಡದೆ ಇರಬಹುದು, ಬಲವಂತ ಮಾಡಿದರೆ ಸೀಳುತ್ತದೆ. ನಿಧಾನವಾಗಿ ಎತ್ತಿ ಪಕ್ಕಕ್ಕೆ ಮಲಗಿಸಿದೆ. ಪ್ರಿಸಿಷನ್ ಬೇಸಿನಲ್ಲಿ ವಾಲ್ಯೂಮಿಗೊಂದು, ಟೋನಿಗೊಂದು, ಎರಡೇ ಪಾಟ್ (ಗುಬ್ಬಿ ತಿರುಗಿಸಿದಾಗ ಒಳಗೆ ತಿರುಗುವ ವಿದ್ಯುತ್ ಭಾಗ). ಎರಡರ ಬೆನ್ನಲ್ಲೂ 304 66 12 ಅಂತ ಕೊರೆದಿತ್ತು. 304 ಸ್ಟ್ಯಾಕ್‌ಪೋಲ್ ಕಂಪನಿಯ ಸಂಖ್ಯೆ. ಇನ್ನೊಂದು ಪಾಟ್ ಕಂಪನಿ ಸಿ.ಟಿ.ಎಸ್. ಆಗಿದ್ದರೆ 137 ಇರುತ್ತಿತ್ತು. ಮುಂದಿನದ್ದು 1966ರ ಹನ್ನೆರಡನೇ ವಾರ, ಅಂದರೆ ಮಾರ್ಚ್ ತಿಂಗಳ ಕೊನೆಯ ಭಾಗ. ಪಾಟ್ ಮಾರ್ಚ್, ನೆಕ್ ಮೇ. ಹೊಂದುತ್ತದೆ ಅಲ್ವಾ?

ಇಲ್ಲಿ ಒಂದು ಎಚ್ಚರಿಕೆ. 1965ರ ಜನವರಿಯಲ್ಲಿ ಅಮೆರಿಕದ ಪ್ರಸಾರ ಸಂಸ್ಥೆ ಸಿ.ಬಿ.ಎಸ್. 1.3 ಕೋಟಿ ಡಾಲರಿಗೆ ಫೆಂಡರನ್ನು ಕೊಂಡಿತು. ಆಮೇಲೆ 1966ರಲ್ಲಿ ಪಾಟ್‌ಗಳನ್ನು ರಾಶಿಗಟ್ಟಲೆ ತರಿಸಿಬಿಟ್ಟರು. ಅವು ದಶಕದ ಕೊನೆಯವರೆಗೂ ಮುಗಿಯಲಿಲ್ಲ. ಹಾಗಾಗಿ 66ರ ಪಾಟ್ ಇರುವ 1969ರ ಗಿಟಾರುಗಳೂ ಇವೆ. ಪಾಟ್ ಹೇಳುವುದು ಒಂದೇ ಮಾತು: ಈ ವಾದ್ಯ ಇದಕ್ಕಿಂತ ಮೊದಲು ತಯಾರಾಗಿಲ್ಲ. ನೆಕ್ಕಿನ ಸ್ಟಾಂಪೂ ಅಷ್ಟೇ, ಅದು ನೆಕ್ ತಯಾರಾದ ಕಾಲ. ನೆಕ್ಕುಗಳು ಕಟ್ಟು ಕಟ್ಟಾಗಿ ತಯಾರಾಗಿ, ಕಪಾಟಿನಲ್ಲಿ ಕಾದು, ಯಾವುದೋ ಬಾಡಿಗೆ ಸೇರುತ್ತಿದ್ದವು. ಎಲ್ಲ ಭಾಗಗಳಲ್ಲಿ ಯಾವುದು ಕೊನೆಯದೋ ಅದಾದ ಮೇಲೆ ಜೋಡಣೆ. ನಾನು ಅವರಿಗೆ ಬರೆದುಕೊಟ್ಟದ್ದೂ ಅದೇ: ಭಾಗಗಳು 1966ರ ಮೊದಲರ್ಧದವು, ಜೋಡಿಸಿದ್ದು ಬಹುಶಃ ಆ ವರ್ಷದ ಬೇಸಿಗೆ (ಇಲ್ಲಿ ಜೂನ್‌ನಿಂದ ಆಗಸ್ಟ್) ಅಥವಾ ಆಮೇಲೆ.

ಬೆಸುಗೆಯನ್ನು ಬಹಳ ಹೊತ್ತು ನೋಡಿದೆ. ಯಾರೂ ಮುಟ್ಟಿರಲಿಲ್ಲ. ಮಂಕಾದ ಹಳೆಯ ಸೀಸ, ಬಟ್ಟೆ ಸುತ್ತಿದ ವೈರು. ಈ ಕೆಲಸ ಮಾಡುತ್ತಿದ್ದವರು ಹೆಚ್ಚಾಗಿ ಹೆಂಗಸರು. ಐವತ್ತರ ದಶಕದ ಫೆಂಡರ್ ಗಿಟಾರುಗಳ ಒಳಗೆ ಪುಟ್ಟ ಅಂಟುಪಟ್ಟಿಯ ಮೇಲೆ ತಾರೀಖು, ಪಕ್ಕದಲ್ಲಿ ಮೇರಿ ಅಂತಲೋ ಗ್ಲೋರಿಯಾ ಅಂತಲೋ ಸಿಗುತ್ತದೆ. ಪೂರ್ತಿ ಹೆಸರಿಲ್ಲ. ಪಿಕಪ್‌ಗೆ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಸುರುಳಿ) ತಂತಿ ಸುತ್ತುತ್ತಿದ್ದ ಅಬಿಗೇಲ್ ಇಬಾರಾ ಅವರ ಹೆಸರು ಲೋಕಕ್ಕೆ ಚೆನ್ನಾಗಿ ಗೊತ್ತಾಯಿತು. 1956ರಲ್ಲಿ ಸೇರಿದವರು 2013ರವರೆಗೆ ಅದೇ ಕೆಲಸದಲ್ಲಿದ್ದರು. ಕೊನೆಗೆ ಅವರ ಸಹಿ ಇರುವ ಪಿಕಪ್ಪಿಗೆ ಜನ ಕಾದು ಕೂರುತ್ತಿದ್ದರು. ಆ ಗೌರವ ಮೇರಿಗೂ ಗ್ಲೋರಿಯಾಗೂ ಸಲ್ಲಬೇಕಿತ್ತು ಅಂತ ನನ್ನ ಅಭಿಪ್ರಾಯ. ಪಿಕಪ್ಪಿನ ಅಡಿಯನ್ನು ನಾನು ಈ ಬೇಸಿನಲ್ಲಿ ನೋಡಲಿಲ್ಲ. ಕೂದಲಿನಂಥ ತಂತಿ ಅದು, ತುಂಡಾದರೆ ಮೂಲದ ಸುತ್ತು ಹೋಯಿತು. ಬರೀ ಕುತೂಹಲಕ್ಕೆ ಅಷ್ಟು ಅಪಾಯ ಬೇಡ.

ಜೋಡಿಸುವಾಗ ಪ್ರತಿ ಸ್ಕ್ರೂವನ್ನೂ ಮೊದಲು ಕೈಯಲ್ಲಿ ಹಿಂದಕ್ಕೆ ತಿರುಗಿಸಿದೆ. ಹಳೆಯ ಮರೆಗೆ (ಸ್ಕ್ರೂ ಮರದಲ್ಲಿ ಕೊರೆದ ಸುರುಳಿ ಗೆರೆಗೆ) ಟಕ್ಕನೆ ಕೂತದ್ದು ಬೆರಳಿಗೆ ತಿಳಿಯುತ್ತದೆ, ಆಮೇಲೆ ಮುಂದಕ್ಕೆ. ಇಲ್ಲದಿದ್ದರೆ ಮರದಲ್ಲಿ ಹೊಸ ಮರೆ ಬಿದ್ದು ಹಿಡಿತ ಸಡಿಲವಾಗುತ್ತದೆ. ಪ್ರತಿಸಲ ಬಿಚ್ಚಿದಾಗಲೂ ಅದು ಅಷ್ಟಿಷ್ಟು ಸವೆಯುತ್ತದೆ. ಆದ್ದರಿಂದಲೇ ಬಿಚ್ಚಿದ ಸಲವೇ ಎಲ್ಲದರ ಫೋಟೋ ತೆಗೆದೆ: ಸ್ಟಾಂಪು, ಶಿಮ್, ಬಣ್ಣ ಹತ್ತದ ಪಟ್ಟಿ, ಪಾಟ್‌ಗಳ ಬೆನ್ನು, ಬೆಸುಗೆ. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು. ಪ್ರಿಂಟ್ ಹಾಕಿಸಿ ಕೇಸಿನೊಳಗೆ ಇಟ್ಟುಕೊಟ್ಟೆ. ಮುಂದೆ ಯಾರಾದರೂ ಕೇಳಿದರೆ ಅದನ್ನೇ ತೋರಿಸಿ, ಸುಮ್ನೆ ಮತ್ತೆ ಬಿಚ್ಚಲು ಬಿಡಬೇಡಿ ಎಂದು ಹೇಳಿ ಕಳಿಸಿದೆ.