ಗೊಂಪಿಗೆ ಮಿಕ್ಸಿ ಯಾಕ್ರೇ ಬೇಕು?

ಗೊಂಪು ಅಂದ್ರೆ ತಲೆ ತೊಳೆಯೋಕೆ ದಾಸವಾಳದ ಸೊಪ್ಪು ಕಿವುಚಿ ತೆಗೆಯೋ ಲೋಳೆ. ಆ ಸೊಪ್ಪನ್ನ ಮಿಕ್ಸಿಗೆ ಹಾಕಿ ಗರಗರ ತಿರುವಿ, ಆ ಹಸಿರು ಚಟ್ನಿನ ತಲೆಗೆ ಮೆತ್ಕೊಂಡು, ಆಮೇಲೆ ಎರಡು ದಿನ ಕೂದ್ಲಿಂದ ಸೊಪ್ಪಿನ ಚೂರು ಆರಿಸ್ತಾ ಕೂತು, ಕೊನೆಗೆ ನನ್ ಹತ್ರಾನೇ ಬಂದು "ಆಂಟಿ, ಗೊಂಪಿಂದ ಎಂತದೂ ಉಪಯೋಗ ಇಲ್ಲ" ಅಂತಾರೆ. ನಮ್ಮ ಬಿಲ್ಡಿಂಗಿನ ಹುಡುಗಿಯರು, ನಾದಿನಿ ಮಗಳು, ನನ್ನ ಸ್ವಂತ ಸೊಸೆ, ಎಲ್ಲರದ್ದೂ ಇದೇ ರಾಗ. ಕೇಳಿ ಕೇಳಿ ಸಾಕಾಗಿದೆ. ಒಂದ್ಸಲ ಬರೆದು ಇಟ್ಬಿಡ್ತೀನಿ, ಇನ್ಮೇಲೆ ಯಾರೂ ಫೋನ್ ಮಾಡಿ ಕೇಳೋದು ಬೇಡ.

ಮುಖದ ವಿಷಯ ಮೊದ್ಲು ಮುಗಿಸ್ತೀನಿ, ಅದ್ರಲ್ಲಿ ಜಾಸ್ತಿ ಇಲ್ಲ. ನಮ್ಮ ಮುಂಬೈ ಸೆಕೆಗೆ, ಬೆವರಿಗೆ, ಮುಖಕ್ಕೆ ಬೇಕಾಗಿದ್ದು ಸಾಯಂಕಾಲ ಮನೆಗೆ ಬಂದ ತಕ್ಷಣ ಸರಿಯಾಗಿ ತೊಳೆಯೋದು, ಒಂದು ಹಗುರ ಕ್ರೀಮು, ಹಗಲು ಸನ್‌ಸ್ಕ್ರೀನು. ಅಷ್ಟೇ. ಸೀರಮ್ಮು, ಟೋನರ್ರು ಅಂತ ಬಾತ್‌ರೂಮ್ ತುಂಬ ಬಾಟ್ಲಿ ಇಟ್ಕೊಂಡು, ರಾತ್ರಿ ಮಾತ್ರ ಫೌಂಡೇಶನ್ ತೆಗೀದೇ ಹಾಗೇ ಮಲಗ್ತೀರಲ್ಲ, ಅದಕ್ಕೆ ಏನ್ ಹೇಳೋದು. ಸನ್‌ಸ್ಕ್ರೀನ್ ಹಚ್ಚೋದು ನೋಡಿದ್ರಂತೂ ನಗು ಬರುತ್ತೆ. ಕಡ್ಲೆಕಾಳಿನಷ್ಟು ತಗೊಂಡು ಇಡೀ ಮುಖಕ್ಕೆ ಒರೆಸ್ಕೊಳ್ತಾರೆ. ಎರಡು ಬೆರಳಿನುದ್ದ ಎಳೆದು ಹಚ್ಬೇಕು ಕಣ್ರೇ, ಕುತ್ತಿಗೆಗೆ ಬೇರೆ. ಎಸ್‌ಪಿಎಫ್, ಅಂದ್ರೆ ಬಿಸಿಲು ತಡೆಯೋ ಅಳತೆ, 30 ಇದ್ರೆ ನೂರಕ್ಕೆ ಸುಮಾರು 97 ಪಾಲು ಸುಡೋ ಕಿರಣ ತಡೆಯುತ್ತೆ, 50 ಇದ್ರೆ 98, ಅದೂ ಸರಿಯಾಗಿ ದಪ್ಪ ಹಚ್ಚಿದ್ರೆ ಮಾತ್ರ. ಆ ಒಂದು ಪಾಲಿಗೆ ಡಬಲ್ ದುಡ್ಡು ಕೊಟ್ಟು ತಂದು ಕಂಜೂಸಿ ಮಾಡಿ ಹಚ್ಚೋದ್ರಲ್ಲಿ ಏನ್ ಬಂತು? ಬೆವರಿದ್ರೆ ಎರಡು ತಾಸಿಗೆ ಮತ್ತೆ ಹಚ್ಚಿ.

ಕಾಡಿಗೆ. ಡೊಂಬಿವ್ಲಿಯಲ್ಲಿ ಲೋಕಲ್ ಟ್ರೇನ್ ಹತ್ತಿದ ಹುಡುಗಿಗೆ ಸೀಟ್ ಸಿಕ್ತೋ ಇಲ್ವೋ, ಪರ್ಸಿಂದ ಕನ್ನಡಿ ಹೊರಗೆ. ಗಾಡಿ ಮುಂಬ್ರಾ ತಿರುವಲ್ಲಿ ಅಲ್ಲಾಡ್ತಾ ಇರುತ್ತೆ, ಇವಳು ಕಣ್ಣೊಳಗೆ ಪೆನ್ಸಿಲ್ ಇಟ್ಟಿರ್ತಾಳೆ. ನಂಗೆ ಎದೆ ಧಸಕ್ ಅನ್ನುತ್ತೆ. ಅದೇ ಪೆನ್ಸಿಲ್ಲನ್ನ ಪಕ್ಕದವಳು ಕೇಳ್ತಾಳೆ, ಅದರ ಪಕ್ಕದವಳೂ ಕೇಳ್ತಾಳೆ, ಮಳೆಗಾಲದಲ್ಲಿ ಕೆಂಗಣ್ಣು ಬಂದ್ರೆ ಇಡೀ ರೈಲು ಡಬ್ಬಿಗೆ ಬರುತ್ತೆ. ಲಿಪ್‌ಸ್ಟಿಕ್ ಬೇಕಾದ್ರೆ ಟ್ರೇನಲ್ಲಿ ಹಚ್ಕೊಳ್ಳಿ, ಕಣ್ಣಿಂದು ಮನೇಲಿ ಮುಗಿಸ್ಕೊಂಡು ಬನ್ನಿ. ಮಸ್ಕಾರಾ ಮೂರ್ನಾಲ್ಕು ತಿಂಗಳಾದ್ಮೇಲೆ ಎಸೀರಿ, ಒಣಗಿಲ್ಲ ಅಂತ ವರ್ಷಗಟ್ಲೆ ಇಡ್ಬೇಡಿ. 1992ರಲ್ಲಿ ಚರ್ಚ್‌ಗೇಟ್ ಬೋರಿವ್ಲಿ ನಡುವೆ ಬರೀ ಹೆಂಗಸರ ಗಾಡಿ ಶುರುವಾದಾಗ ನಾನು ಅಂಧೇರಿಯಲ್ಲಿದ್ದೆ. ಬಟಾಣಿ ಸುಲೀತಿದ್ವಿ, ಸ್ವೆಟರ್ ಹೆಣೀತಿದ್ವಿ, ಒಬ್ಬರಿಗೊಬ್ಬರು ಜಡೆ ಹಾಕ್ತಿದ್ವಿ, ಗಜರಾ ಹಂಚ್ಕೊಳ್ತಿದ್ವಿ. ಆಗಲೂ ಕಾಡಿಗೆ ಮಾತ್ರ ಅವರವರ ಡಬ್ಬಿ ಅವರವರ ಹತ್ರಾನೇ.

ಬೆಳ್ಳಗಾಗೋ ಹುಚ್ಚು ಬಿಡ್ರೇ. 1975ರಲ್ಲಿ ಬಂದ ಫೇರ್ ಅಂಡ್ ಲವ್ಲಿ 2020ರಲ್ಲಿ ತನ್ನ ಹೆಸ್ರನ್ನೇ ಬದಲಾಯಿಸ್ಕೊಳ್ತು, ನಮ್ಮನೆಗಳ ಮದುವೆ ಮಾತುಕತೆ ಮಾತ್ರ ಹಾಗೇ ಇದೆ. ಅದಕ್ಕಿಂತ ಭಯ ಏನಂದ್ರೆ, ಕೆಮಿಸ್ಟ್ ಹತ್ರ ಹೋಗಿ "ಮುಖಕ್ಕೆ ಏನಾದ್ರೂ ಕೊಡಿ" ಅಂತ ಕೇಳಿ ತರೋ ಸಣ್ಣ ಟ್ಯೂಬು. ಅದರ ಹಿಂದೆ ಏನ್ ಬರ್ದಿದೆ ಓದಿ. ಬೀಟಾಮೆಥಾಸೋನ್, ಕ್ಲೊಬೆಟಾಸಾಲ್, ಮೊಮೆಟಾಸೋನ್ ಅಂತಿದ್ರೆ ಅದು ಸ್ಟಿರಾಯ್ಡು. ಮೊದಲ ವಾರ ಮುಖ ಫಳಫಳ, ಆಮೇಲೆ ಚರ್ಮ ತೆಳುವಾಗಿ ಕೆಂಪು ನರ ಕಾಣುತ್ತೆ, ಗುಳ್ಳೆ ಏಳುತ್ತೆ, ಗಲ್ಲದ ಮೇಲೆ ಕೂದ್ಲೂ ಬರ್ಬಹುದು, ಬಿಟ್ರೆ ಉರಿ ಶುರು. ಈಗಾಗ್ಲೇ ಹಚ್ತಾ ಇದ್ರೆ ಗಪ್ಪಂತ ನಿಲ್ಲಿಸ್ಬೇಡಿ, ಚರ್ಮದ ಡಾಕ್ಟ್ರ ಹತ್ರ ಹೋಗಿ.

ಅಡುಗೆಮನೆ ಸಾಮಾನೆಲ್ಲ ಮುಖಕ್ಕೆ ಅಲ್ಲ ಅಂತಾನೂ ಹೇಳ್ಬೇಕಾಗಿದೆ. ನಿಂಬೆರಸ ಹಚ್ಕೊಂಡು ಬಿಸಿಲಿಗೆ ಹೋದ್ರೆ ಸುಟ್ಟ ಹಾಗೆ ಕಪ್ಪು ಕಲೆ ಬೀಳುತ್ತೆ, ತಿಂಗಳುಗಟ್ಲೆ ಹೋಗಲ್ಲ. ಅಡುಗೆ ಸೋಡಾ ಬೇಡ, ಟೂತ್‌ಪೇಸ್ಟಂತೂ ಬೇಡವೇ ಬೇಡ. ಕಡ್ಲೆಹಿಟ್ಟು ಮೊಸರು ಯಾವಾಗಾದ್ರೂ ಒಮ್ಮೆ, ಸರಿ. ಮತ್ತೆ ಟಿಕ್ಲಿ, ಅದೇ ಹಣೆಗೆ ಅಂಟಿಸೋ ಬಿಂದಿ! ಬಚ್ಚಲುಮನೆ ಕನ್ನಡಿ ತುಂಬ ಅಂಟಿಸಿದ್ದನ್ನೇ ಕಿತ್ತು ವಾರಗಟ್ಲೆ ಹಣೆಗೆ ಇಡ್ತೀರಲ್ಲ, ಕೆಲವು ಗಮ್ಮಿನಲ್ಲಿರೋ ಕೆಮಿಕಲ್ಲು ಚರ್ಮದ ಬಣ್ಣಾನೇ ತೆಗೆದು ಬಿಳಿ ಮಚ್ಚೆ ಮಾಡುತ್ತೆ. ತುರಿಸೋಕೆ ಶುರುವಾದ್ರೆ ಆ ಪ್ಯಾಕೆಟ್ ಎಸೀರಿ. ರಾತ್ರಿ ಮಲಗುವಾಗ ಹಣೆ ಖಾಲಿ ಬಿಡಿ.

ಈಗ ಗೊಂಪು.

ಯಾವ ದಾಸವಾಳ ಅಂತ ಕೇಳಿದ್ರೆ, ಐದೆಸಳಿನ ಸಾದಾ ಕೆಂಪು, ಇಲ್ಲಾಂದ್ರೆ ಬಿಳಿ. ಎಸಳಿನ ಮೇಲೆ ಎಸಳು ಇರೋ ಹೂ ಬಿಡೋ ನರ್ಸರಿ ಜಾತಿಗಳನ್ನ ನಾನಂತೂ ಮುಟ್ಟಲ್ಲ. ಮಾಟುಂಗಾದ ಹೂವಿನವನ ಹತ್ರ ಸೊಪ್ಪು ಕೇಳಿದ್ರೆ ಮುಖ ಮುಖ ನೋಡ್ತಾನೆ, ಹಾಗಾಗಿ ಬಾಲ್ಕನಿಯಲ್ಲಿ ಒಂದು ಕುಂಡ ಇಟ್ಕೊಳ್ಳಿ, ಟೊಂಗೆ ಚುಚ್ಚಿದ್ರೂ ಬದುಕೋ ಗಿಡ ಅದು. ರಸ್ತೆ ಬದಿ ಗಿಡದ್ದು ಬೇಡ, ರಿಕ್ಷಾ ಹೊಗೆ ಎಲ್ಲ ಅದರ ಮೇಲೇ ಕೂತಿರುತ್ತೆ. ಎಲೆ ತೀರಾ ಎಳೇದು ತೆಗೀಬಾರ್ದು, ಹಳದಿಯಾದದ್ದೂ ಅಲ್ಲ, ಮಧ್ಯದ ಕಡುಹಸಿರಿನದ್ದು. ಒಂದೊಂದನ್ನೂ ತಿರುಗಿಸಿ ಹಿಂದೆ ನೋಡಿ. ಈ ಗಿಡಕ್ಕೆ ಹಿಟ್ಟು ತಿಗಣೆ ಬಹಳ, ನರದ ಸಂದಿಯಲ್ಲಿ ಬಿಳಿ ಹತ್ತಿ ಹಾಗೆ ಕಂಡ್ರೆ ಆ ಎಲೆ ಬೇಡ. ಎಷ್ಟು ಅಂದ್ರೆ ನಿಮ್ಮ ಕೂದ್ಲು ನೋಡ್ಕೊಂಡು, ಸೊಂಟದವರೆಗೆ ಜಡೆ ಇದ್ರೆ ಎರಡು ದೊಡ್ಡ ಹಿಡಿ, ಬಾಬ್ ಕಟ್ ಇದ್ರೆ ಅರ್ಧ ಸಾಕು.

ತೊಟ್ಟು ತೆಗೆದು, ಎರಡು ನೀರಲ್ಲಿ ತೊಳೆದು, ಕೈಯಲ್ಲೇ ಹರಿದು ಅಗಲ ಪಾತ್ರೆಗೆ ಹಾಕಿ. ಚಾಕು ಬೇಡ. ಮುಳುಗೋ ಅಷ್ಟು ನೀರು ಸುರೀಬೇಡಿ, ಎಲೆ ಒದ್ದೆಯಾಗೋ ಅಷ್ಟೇ, ಅದೂ ಉಗುರುಬೆಚ್ಚಗೆ. ತಲೆಗೆ ಎಣ್ಣೆ ಹಚ್ಚಿ ಬರೋವರೆಗೆ ಅದು ನೆನೀಲಿ. ಆಮೇಲೆ ಕಿವುಚೋದು. ಉಜ್ಜೋದಲ್ಲ, ಅರೆಯೋದಲ್ಲ, ಮುಷ್ಟಿ ತುಂಬ ಹಿಡಿದು ಹಿಸುಕಿ ಬಿಡೋದು, ಮತ್ತೆ ಹಿಡಿಯೋದು. ಮೊದಲು ಏನೂ ಆಗ್ತಾ ಇಲ್ಲ ಅನ್ಸುತ್ತೆ, ಅಲ್ಲೇ ನೀವೆಲ್ಲ ಬೇಜಾರಾಗಿ ಮಿಕ್ಸಿ ಕಡೆ ಓಡೋದು. ಸ್ವಲ್ಪ ತಾಳ್ಮೆ ಮಾಡಿದ್ರೆ ಬೆರಳ ಸಂದಿಯಲ್ಲಿ ಜಾರೋಕೆ ಶುರುವಾಗುತ್ತೆ, ಆಗ ಚೂರೇ ಚೂರು ನೀರು, ಮತ್ತೆ ಕಿವುಚಿ, ಮತ್ತೆ ಚೂರು ನೀರು. ಒಂದೇ ಸಲ ಸುರಿದ್ರೆ ಬರೀ ಹಸಿರು ನೀರು, ಲೋಳೆ ಇಲ್ಲ. ಕೈ ಮೇಲೆತ್ತಿ ನೋಡಿ, ಬೆರಳ ತುದಿಯಿಂದ ಎಳೆ ಕಡಿಯದೆ ಪಾತ್ರೆ ತನಕ ಇಳೀಬೇಕು. ತೊಟ್ಟಿಕ್ಕಿದ್ರೆ ಇನ್ನೂ ಆಗಿಲ್ಲ. ಮಿಕ್ಸಿಗೆ ಹಾಕಿದ್ರೆ ಲೋಳೆ ಬರಲ್ಲ ಅಂತಲ್ಲ, ಎಲೆ ನುಚ್ಚಾಗಿ ಲೋಳೆಯಲ್ಲೇ ಸೇರ್ಕೊಳ್ಳುತ್ತೆ, ಮೇಲಿಂದ ನೊರೆ ಬೇರೆ, ಎಷ್ಟು ಸೋಸಿದ್ರೂ ಬೇರೆ ಆಗಲ್ಲ.

ಸೋಸೋದು ಚಹಾ ಜರಡಿಯಲ್ಲಿ ಅಲ್ಲ ಮತ್ತೆ. ಗೊಂಪು ಅದರಲ್ಲಿ ಇಳಿಯೋದೇ ಇಲ್ಲ, ನೀವು ಚಮಚದಲ್ಲಿ ತಿಕ್ಕಿ ತಿಕ್ಕಿ ಮತ್ತೆ ಚೂರು ಸೇರಿಸ್ತೀರಿ. ಹಳೇ ಪಂಚೆ ತುಂಡು, ತೊಳೆದು ತೊಳೆದು ಮೆತ್ತಗಾದದ್ದು, ಅದಕ್ಕೆ ಹಾಕಿ ಮೂಟೆ ಕಟ್ಟಿ ಮೇಲಿಂದ ಕೆಳಗೆ ಹಿಂಡಿ. ಉಳಿದ ಚರಟಕ್ಕೆ ಒಂದು ಲೋಟ ನೀರು ಹಾಕಿ ಇನ್ನೊಂದ್ಸಲ. ಆಮೇಲೆ ಆ ಚರಟ ಕುಂಡದ ಬುಡಕ್ಕೆ. ಸಿರ್ಸಿ ಕಡೆ ನಮ್ಮ ಅಮ್ಮಮ್ಮ ಇದನ್ನ ಬಚ್ಚಲುಮನೆ ಕಲ್ಲಿನ ಮೇಲೆ ಕೂತು ಮಾಡೋರು, ಹಂಡೆ ಒಲೆ ಹೊಗೆ ಕಣ್ಣಿಗೆ ಹೊಡೀತಾ ಇದ್ರೂ ಕೈ ನಿಲ್ತಿರ್ಲಿಲ್ಲ. ಮತ್ತಿ ಮರದ ಸೊಪ್ಪಿಂದೂ ಮಾಡ್ತಿದ್ರು. ಮೊಮ್ಮಕ್ಕಳೆಲ್ಲ ಸಾಲಾಗಿ ಕೂರ್ಬೇಕು, "ಕೂಸೇ, ತಲೆ ಹಿಂದಕ್ಕೆ ಮಾಡೇ" ಅಂತ ಒಂದು ಏಟು ಬೀಳೋದು. ಏಟು ಯಾಕೆ ಅಂದ್ರೆ ಸೀಗೆ ಕಣ್ಣಿಗೆ ಹೋದ್ರೆ ಗೊತ್ತಲ್ಲ.

ಹೌದು, ಸೀಗೆ ಬೇಕು. ಬರೀ ಗೊಂಪಿಗೆ ಎಣ್ಣೆ ಪೂರ್ತಿ ಹೋಗಲ್ಲ, ಎಣ್ಣೆ ತೆಗೆಯೋದು ಸೀಗೆ ಕೆಲಸ, ಕೂದ್ಲು ಒರಟಾಗದ ಹಾಗೆ ನೋಡ್ಕೊಳ್ಳೋದು ಗೊಂಪಿನ ಕೆಲಸ. ಸೀಗೆಪುಡಿನ ಬೇರೆ ಬಟ್ಟಲಲ್ಲಿ ಬಿಸಿನೀರಿಗೆ ಕಲಸಿ, ತಣಿದ ಮೇಲೆ ಅದೇ ಬಟ್ಟೆಯಲ್ಲಿ ಸೋಸಿ ಗೊಂಪಿಗೆ ಸೇರಿಸಿ. ನೇರ ಪುಡಿ ಸುರಿದ್ರೆ ನೆತ್ತಿ ತುಂಬ ತರಿತರಿ. ತಲೆ ಮೊದಲು ಪೂರ್ತಿ ಒದ್ದೆ ಮಾಡ್ಕೊಳ್ಳಿ, ಬೈತಲೆ ಬೈತಲೆ ತೆಗೆದು ಬೆರಳ ತುದಿಯಲ್ಲಿ ಹಚ್ಚಿ, ಉಗುರಲ್ಲಿ ಕೆರೀಬೇಡಿ. ಉಳಿದದ್ದು ಕೂದ್ಲ ತುದಿಗೆ, ಮೇಲಿಂದ ಕೆಳಗೆ ಸವರಿ ಅಷ್ಟೇ, ಬಟ್ಟೆ ಒಗೆದ ಹಾಗೆ ತಲೆ ಮೇಲೆ ಗುಡ್ಡೆ ಮಾಡಿ ತಿಕ್ಕಿದ್ರೆ ಸಿಕ್ಕಾಗದೆ ಇನ್ನೇನಾಗುತ್ತೆ? ಸ್ವಲ್ಪ ಹೊತ್ತು ಬಿಟ್ಟು ಹದ ಬಿಸಿನೀರಲ್ಲಿ ತೊಳೀರಿ, ಸುಡೋ ನೀರು ಬೇಡ. ಟ್ಯಾಂಕರ್ ನೀರೋ ಬೋರಿನ ನೀರೋ ಬರೋ ಸೊಸೈಟಿ ಆದ್ರೆ ಅದು ಗಡಸು, ಕೊನೆಗೆ ಒಂದು ತಂಬಿಗೆ ಫಿಲ್ಟರ್ ನೀರು ಹಾಕ್ಕೊಳ್ಳಿ. ಉಳಿದ ಗೊಂಪನ್ನ ಫ್ರಿಜ್ಜಿಗೆ ಇಡೋ ಜಾಣರೂ ಇದ್ದಾರೆ. ಇಡ್ಬೇಡಿ. ಮಾಡಿದ ದಿನವೇ ಮುಗಿಸಿ, ನಾಳೆಗೆ ವಾಸನೆ ಬರುತ್ತೆ.

ತಲೆ ಒರೆಸೋಕೆ ಮುಂಚೆ ಬಾತ್‌ರೂಮ್ ನೆಲ ಸೋಪಿನ ಪುಡಿ ಹಾಕಿ ಬ್ರಷ್ಷಲ್ಲಿ ಉಜ್ಜಿಬಿಡಿ, ಗೊಂಪು ಬಿದ್ದ ಟೈಲ್ಸ್ ಮೇಲೆ ಮನೆಯ ಹಿರಿಯರು ಕಾಲಿಟ್ರೆ ಸೊಂಟ ಹೋಯ್ತು. ನೀರು ಹೋಗೋ ಜಾಲಿ ಎತ್ತಿ ಕೂದ್ಲು ತೆಗೀರಿ, ಕೆಲಸದವಳು ಬಂದು ತೆಗೀಲಿ ಅಂತ ಬಿಡೋದಲ್ಲ, ನಿಮ್ಮ ತಲೆ ಕೂದ್ಲು ನೀವೇ ತೆಗೀಬೇಕು. ನೆಲದ ಮಾತು ಬಂತು ಅಂತ ಇನ್ನೊಂದು ಹೇಳ್ತೀನಿ, ಆಸಿಡ್ ಕ್ಲೀನರ್ ಹಾಕಿ ಅದರ ಮೇಲೇ ಬ್ಲೀಚಿಂಗ್ ಪೌಡರ್ ಸುರಿಯೋ ಚಾಳಿ ಇದೆ ಕೆಲವರಿಗೆ, ಕ್ಲೋರಿನ್ ಗ್ಯಾಸ್ ಏಳುತ್ತೆ, ಸಣ್ಣ ಬಾತ್‌ರೂಮಲ್ಲಿ ಉಸಿರು ಕಟ್ಟುತ್ತೆ. ಒಂದು ದಿನ ಅದು, ಇನ್ನೊಂದು ದಿನ ಇದು.

ಎಣ್ಣೆ ಬಗ್ಗೆ. ಕೊಬ್ಬರಿ ಎಣ್ಣೆ ಒಳ್ಳೇದೇ, ಬೇರೆ ಎಣ್ಣೆಗಿಂತ ಕೂದ್ಲೊಳಗೆ ಚೆನ್ನಾಗಿ ಇಳಿಯುತ್ತೆ. ತಲೆಸ್ನಾನಕ್ಕೆ ಒಂದು ತಾಸು ಮೊದಲು ಹಚ್ಚಿದ್ರೆ ಸಾಕು. ಹೊಟ್ಟು ಇದ್ದೋರು ಮಾತ್ರ ರಾತ್ರಿಯಿಡೀ ಸುರ್ಕೊಂಡು ಮಲಗ್ಬಾರ್ದು, ಹೊಟ್ಟಿಗೆ ಕಾರಣವಾಗೋ ಫಂಗಸ್ಸು ನೆತ್ತಿ ಜಿಡ್ಡಿನ ಮೇಲೇ ಬೆಳೆಯೋದು, ನೀವು ಅದಕ್ಕೆ ಊಟ ಹಾಕ್ತಿದ್ದೀರಿ. ಅಂಥವರು ಡಾಕ್ಟ್ರನ್ನ ಕೇಳಿ ಕೀಟೋಕೊನಜೋಲ್ ಶಾಂಪೂ ತಗೊಳ್ಳಿ, ನೆತ್ತಿಗೆ ಹಚ್ಚಿ ಐದು ನಿಮಿಷ ಬಿಡಿ, ಹಚ್ಚಿದ ತಕ್ಷಣ ತೊಳೆದ್ರೆ ದುಡ್ಡು ದಂಡ. ಮತ್ತೆ ದಿಂಬಿನ ಕವರು ಎಷ್ಟು ದಿನಕ್ಕೆ ಬದಲಾಯಿಸ್ತೀರಿ? ಹಾಂ, ಅದೇ ಎಣ್ಣೆ ಕವರಿನ ಮೇಲೆ ಮುಖ ಇಟ್ಟು ಮಲಗಿ, ಹಣೆ ತುಂಬ ಗುಳ್ಳೆ ಅಂತ ಅಳೋದು.

ಒದ್ದೆ ಕೂದ್ಲು ಕಟ್ಕೊಂಡು ಟ್ರೇನ್ ಹತ್ತೋರನ್ನ ದಿನಾ ನೋಡ್ತೀನಿ. ಮಳೆಗಾಲದಲ್ಲಂತೂ ಆ ಗಂಟು ಸಂಜೆ ತನಕ ಒಣಗಲ್ಲ, ಬಿಚ್ಚಿದ್ರೆ ಮುಗ್ಗಲು ವಾಸನೆ. ಆಫೀಸ್ ಇದ್ದೋರು ಹಿಂದಿನ ಸಾಯಂಕಾಲವೇ ತಲೆಸ್ನಾನ ಮುಗಿಸಿ, ದಪ್ಪ ಟರ್ಕಿ ಟವೆಲ್ಲು ಸುತ್ತದೆ ತೆಳು ಪಂಚೆಯಲ್ಲಿ ಒತ್ತಿ, ಫ್ಯಾನ್ ಕೆಳಗೆ ಕೂತು ಒಣಗಿಸಿ, ಅಗಲ ಹಲ್ಲಿನ ಬಾಚಣಿಗೆಯಲ್ಲಿ ತುದಿಯಿಂದ ಸಿಕ್ಕು ಬಿಡಿಸ್ತಾ ಮೇಲೆ ಬನ್ನಿ.

ಕೂದ್ಲು ಗೊಂಚಲು ಗೊಂಚಲು ಉದುರ್ತಾ ಇದೆ ಅಂದ್ರೆ ಗೊಂಪೂ ಬೇಡ, ಬಾಟ್ಲಿಯೂ ಬೇಡ, ಮೂರು ತಿಂಗಳ ಹಿಂದೆ ಏನಾಗಿತ್ತು ಯೋಚ್ನೆ ಮಾಡಿ. ಡೆಂಗ್ಯೂ, ಟೈಫಾಯ್ಡು, ಹೆರಿಗೆ, ಆಪರೇಶನ್ನು, ಊಟ ಬಿಟ್ಟು ಮಾಡಿದ ಡಯಟ್ಟು. ಇವೆಲ್ಲ ಆದ ಎರಡ್ಮೂರು ತಿಂಗಳಿಗೆ ಕೂದ್ಲು ಉದುರುತ್ತೆ, ಆಮೇಲೆ ಸಾಮಾನ್ಯವಾಗಿ ತಾನೇ ಬರುತ್ತೆ. ನಿಲ್ಲದಿದ್ರೆ ಕಬ್ಬಿಣದಂಶ, ಥೈರಾಯ್ಡು ಎರಡೂ ಟೆಸ್ಟ್ ಮಾಡಿಸಿ.

ಕೊನೇದು ಮೆಹಂದಿ. ಸಾದಾ ಮೆಹಂದಿ ಸೊಪ್ಪು ಕೇಸರಿಯಿಂದ ಕಂದು ಬಣ್ಣ ಕೊಡುತ್ತೆ, ಕಪ್ಪು ಕೊಡೋದೇ ಇಲ್ಲ. ಕರೀ ಮೆಹಂದಿ ಅಂತ ಮಾರೋದ್ರಲ್ಲಿ ಸಾಮಾನ್ಯವಾಗಿ ಪಿಪಿಡಿ ಅನ್ನೋ ಡೈ ಇರುತ್ತೆ, ಕೆಲವರಿಗೆ ಅದರಿಂದ ನೆತ್ತಿ ಸುಟ್ಟು ಬೊಬ್ಬೆ ಏಳುತ್ತೆ, ಕಣ್ಣು ಊದಿ ಮುಚ್ಕೊಳ್ಳುತ್ತೆ. ಯಾವ ಡೈ ಆದ್ರೂ ಮೊದಲು ಕಿವಿ ಹಿಂದೆ ಚೂರು ಹಚ್ಚಿ 48 ತಾಸು ಕಾಯಿರಿ. ಹಿಂದೆ ಹಚ್ಚಿದ್ದೆ ಏನೂ ಆಗಿರ್ಲಿಲ್ಲ ಅನ್ನೋ ಲೆಕ್ಕ ನಡೆಯಲ್ಲ, ಪ್ರತಿ ಸಲ ಕಾಯಿರಿ. ಮದುವೆ ಹಿಂದಿನ ರಾತ್ರಿ ಹೊಸ ಪ್ಯಾಕೆಟ್ ಒಡೆದು ಹಚ್ಕೊಂಡು "ಆಂಟಿ ಉರೀತಿದೆ, ಏನ್ ಮಾಡ್ಲಿ" ಅಂತ ನಂಗೆ ಫೋನ್ ಮಾಡ್ಬೇಡಿ, ತಲೆ ತೊಳ್ಕೊಂಡು ನೇರ ಡಾಕ್ಟ್ರ ಹತ್ರ ಹೋಗಿ.