ದ್ರಾಕ್ಷಿ ಚಪ್ಪರಗಳ ನಡುವೆ ಬಂಡಿ ದಾರಿಯ ಸೈಕಲ್ ಸವಾರಿ

ನಂದಿ ಬೆಟ್ಟಕ್ಕೆ ಸೈಕಲ್ ತುಳಿಯುವವರು ಬೆಂಗಳೂರಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಕತ್ತಲಲ್ಲೇ ಹೆದ್ದಾರಿ ಹಿಡಿದು, ತಿರುವುಗಳನ್ನು ಹತ್ತಿ, ಮೋಡದ ಜೊತೆ ಒಂದು ಫೋಟೊ ತೆಗೆದುಕೊಂಡು ಇಳಿದುಬರುತ್ತಾರೆ. ಭಾನುವಾರವಾದರೆ ಹಿಂದೆ ಮುಂದೆ ಕಾರು, ಬೈಕುಗಳ ಸಾಲು. ನಾನೂ ವರ್ಷಗಟ್ಟಲೆ ಅದನ್ನೇ ಮಾಡಿದೆ. ಒಂದು ದಿನ 1478 ಮೀಟರ್ ಎತ್ತರದಲ್ಲಿ ನಿಂತು ಕೆಳಗೆ ನೋಡುವಾಗ ಹೊಳೆಯಿತು: ಆ ಹಸಿರು ಚೌಕಗಳೆಲ್ಲ ದ್ರಾಕ್ಷಿ ತೋಟ. ಅವುಗಳ ನಡುವೆ ಕೆಂಪಗೆ ಗೆರೆ ಎಳೆದ ಹಾಗಿರುವುದೆಲ್ಲ ಮಣ್ಣಿನ ದಾರಿ. ಒಂದರ ಮೇಲೂ ಒಂದು ಕಾರಿಲ್ಲ!

ಇಟಲಿಯ ಕಿಯಾಂಟಿ ದ್ರಾಕ್ಷಿ ಸೀಮೆಯಲ್ಲಿ ಇಂಥ ಮಣ್ಣುದಾರಿಗಳಿಗೆ ಡಾಂಬರು ಬೀಳಬಾರದು ಎಂಬ ಹಂಬಲದಿಂದಲೇ 1997ರಲ್ಲಿ ‘ಎರೋಯಿಕಾ’ ಎಂಬ ಹಳೇ ಸೈಕಲ್‌ಗಳ ಸವಾರಿ ಶುರುವಾಯಿತು. ಈಗ ಅದು ಲೋಕಪ್ರಸಿದ್ಧ. ನಮ್ಮಲ್ಲಿ ಯಾರೂ ಅಷ್ಟೆಲ್ಲ ಯೋಚಿಸಿಲ್ಲ. ದಾರಿಗಳು ಮಾತ್ರ ಸುಮ್ನೆ ಬಿದ್ದಿವೆ.

ಮೊದಲು ದಾರಿ ಹುಡುಕಿ

ಸೈಕಲ್‌ಗಿಂತ ಮುಖ್ಯವಾದದ್ದು ಇದು. ಹೊಸಬರು ಎಡವುವುದೂ ಇಲ್ಲೇ.

ಮೊದಲ ಸಲ ನಾನು ಫೋನಿನ ಆ್ಯಪ್ ತೋರಿಸಿದ ಗೆರೆಯನ್ನೇ ನಂಬಿ ಹೋದೆ. ಗೆರೆ ನೇರ ಒಂದು ಚಪ್ಪರದ ಕೆಳಗೆ ನುಗ್ಗಿತು, ನಾನೂ ನುಗ್ಗಿದೆ. ತಲೆ ಬಗ್ಗಿಸಿಕೊಂಡು, ಡ್ರಿಪ್ ಪೈಪು ದಾಟಿಕೊಂಡು ಹೋಗುತ್ತಿದ್ದರೆ ಎದುರಿಗೆ ಯಜಮಾನರು. “ಏನಣ್ಣ, ಎಲ್ಲಿಗೆ?” ಫೋನು ತೋರಿಸಿದೆ. “ಇಲ್ಲಿ ದಾರಿ ಇದ್ದಿದ್ದು ನಮ್ಮಪ್ಪನ ಕಾಲ್ದಾಗೆ. ಈಗ ತೋಟ” ಅಂದರು. ಬೈಯಲಿಲ್ಲ. ಆದರೆ ಬಂದ ದಾರಿಯಲ್ಲೇ ನಡೆಸಿಕೊಂಡು ವಾಪಸ್ ಕಳಿಸಿದರು.

ಅದಕ್ಕೇ ಈಗ ಎರಡು ನಕ್ಷೆ ಇಟ್ಟುಕೊಳ್ಳುತ್ತೇನೆ. ಒಂದು, ಉಪಗ್ರಹ ಚಿತ್ರ. ಇನ್ನೊಂದು, ಕಂದಾಯ ಇಲಾಖೆಯ ಗ್ರಾಮ ನಕ್ಷೆ. ಇದು ಆನ್‌ಲೈನ್‌ನಲ್ಲೇ ಸಿಗುತ್ತದೆ. ಅದರಲ್ಲಿ ಜೋಡಿ ತುಂಡುಗೆರೆ ಇದ್ದರೆ ಬಂಡಿ ದಾರಿ, ಒಂಟಿ ತುಂಡುಗೆರೆ ಇದ್ದರೆ ಕಾಲುದಾರಿ. ಹಳ್ಳಿಯವರು ‘ನಕಾಶೆ ದಾರಿ’ ಅನ್ನುವುದು ಇದನ್ನೇ. ಅಂದರೆ ನಕ್ಷೆ ಕಂಡ ದಾರಿ, ಎಲ್ಲರೂ ಓಡಾಡುವ ಹಕ್ಕಿರುವ ದಾರಿ. ನೀವು ನಿಂತಿರುವ ಜಾಗದ ಸರ್ವೆ ನಂಬರ್ ತಿಳಿಯಲು ಸರ್ಕಾರದ ದಿಶಾಂಕ್ ಆ್ಯಪ್ ಇದೆ. ಗ್ರಾಮ ನಕ್ಷೆಯಲ್ಲಿ ಜೋಡಿ ಗೆರೆ ಇದ್ದು, ಉಪಗ್ರಹ ಚಿತ್ರದಲ್ಲೂ ಅದೇ ಜಾಗದಲ್ಲಿ ಕೆಂಪು ಪಟ್ಟಿ ಕಂಡರೆ ಆ ದಾರಿ ಇನ್ನೂ ಉಳಿದಿದೆ ಎಂದು ಲೆಕ್ಕ. ಒಂದರಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಹೋಗಿ ಕೇಳಬೇಕು, ಅಷ್ಟೆ.

ಕೆರೆ ಏರಿಗಳನ್ನೂ ಗುರುತು ಮಾಡಿಕೊಳ್ಳಿ. ಅರ್ಕಾವತಿ, ಪಿನಾಕಿನಿಗಳು ಹುಟ್ಟುವ ಸೀಮೆ ಇದು. ಆದರೆ ನೀರು ಕಾಣುವುದು ಕೆರೆಯಲ್ಲಿ ಮಾತ್ರ. ಏರಿ ಮೇಲೆ ಏರಿಳಿತವಿಲ್ಲ, ಗಾಳಿ ಚೆನ್ನಾಗಿರುತ್ತದೆ, ಎರಡು ಏರುಗಳ ನಡುವೆ ಉಸಿರು ಬಿಡಲು ಒಳ್ಳೆಯ ಜಾಗ.

ಎಲ್ಲಿಂದ ಶುರು?

ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರ್ ಹೆದ್ದಾರಿಯಲ್ಲೇ ತುಳಿದು ಬಂದು ಸುಸ್ತಾಗಬೇಡಿ. ಸೈಕಲನ್ನು ಕಾರಿನಲ್ಲಿ ಹಾಕಿಕೊಂಡು ನಂದಿ ಗ್ರಾಮಕ್ಕೆ ಬನ್ನಿ. ಭೋಗನಂದೀಶ್ವರ ದೇವಸ್ಥಾನದ ಹತ್ತಿರ ಸೈಕಲ್ ಇಳಿಸಿ. 9ನೇ ಶತಮಾನದಷ್ಟು ಹಳೆಯ ಗುಡಿ. ವಾಪಸ್ ಬಂದ ಮೇಲೆ ಒಳಗಿನ ಕಲ್ಯಾಣಿಯ ಮೆಟ್ಟಿಲ ಮೇಲೆ ಕೂತರೆ ಎದ್ದೇಳಲು ಮನಸ್ಸೇ ಬರುವುದಿಲ್ಲ.

ಒಂದು ಕಡೆ ಸರ್ ಎಂ. ವಿಶ್ವೇಶ್ವರಯ್ಯನವರ ಹುಟ್ಟೂರು ಮುದ್ದೇನಹಳ್ಳಿ. ಇನ್ನೊಂದು ಕಡೆ ಸುಲ್ತಾನ್‌ಪೇಟೆ, ಕುಡುವತಿ. ಊರಿಂದ ಊರಿಗೆ ಡಾಂಬರು ರಸ್ತೆ ಇದೆ. ಅದನ್ನು ಬಿಟ್ಟು ತೋಟಗಳ ನಡುವೆ ಹಾದುಹೋಗುವ ತುಂಡುಗಳನ್ನು ಜೋಡಿಸಿ. ಮೊದಲ ಸಲಕ್ಕೆ 25 ಕಿಲೋಮೀಟರ್ ಸಾಕು. ಕಡಿಮೆ ಅನ್ನಿಸಬಹುದು. ಆದರೆ ಮಣ್ಣಿನಲ್ಲಿ ಗಂಟೆಗೆ 12 ಕಿಲೋಮೀಟರ್ ಬಂದರೇ ದೊಡ್ಡದು, ಅದರಲ್ಲೂ ಈ ಏರಿಳಿತದಲ್ಲಿ.

ಕಾಲ? ನವೆಂಬರ್‌ನಿಂದ ಫೆಬ್ರುವರಿ. ಮಳೆಗಾಲದಲ್ಲಿ ಬೇಡವೇ ಬೇಡ. ಈ ಕೆಂಪು ಮಣ್ಣು ಒದ್ದೆಯಾದರೆ ರೊಟ್ಟಿ ಹಿಟ್ಟಿನಂತೆ ಟೈರಿಗೆ ಮೆತ್ತಿಕೊಂಡು, ಚಕ್ರ ಹಿಡಿದಿರುವ ಫೋರ್ಕಿನೊಳಗೆ ತುಂಬಿ, ಚಕ್ರವೇ ತಿರುಗುವುದಿಲ್ಲ. ನಾನೊಮ್ಮೆ ಎರಡು ಕಿಲೋಮೀಟರ್ ಸೈಕಲ್ ಹೊತ್ತಿದ್ದೇನೆ. ದೊಡ್ಡ ಮಳೆ ಬಿದ್ದರೆ ಎರಡು ದಿನ ಒಣಗಲು ಬಿಡಿ.

ಸೈಕಲ್ ಮತ್ತು ಗಾಳಿ

ಗ್ರಾವೆಲ್ ಬೈಕ್ ಅಂದರೆ ಬಾಗಿದ ಹ್ಯಾಂಡಲ್‌ನ ರೇಸ್ ಸೈಕಲ್ಲಿಗೆ ದಪ್ಪ ಟೈರು ಹಾಕಿದ ಹಾಗೆ. ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಮನೆಯಲ್ಲಿರುವ ಹೈಬ್ರಿಡ್ ಅಥವಾ ಎಂಟಿಬಿಯಲ್ಲೇ (ಮೌಂಟನ್ ಬೈಕ್) ಬನ್ನಿ, ಇದಕ್ಕಂತಲೇ ಲಕ್ಷ ಸುರಿಯಬೇಕಿಲ್ಲ. ಟೈರು 40 ಮಿಲಿಮೀಟರ್ ಅಗಲ ಇರಲಿ. ಅತಿ ಹಗುರದ ಗೇರಿನಲ್ಲಿ ಪೆಡಲ್ ಬಳಿಯ ಹಲ್ಲುಚಕ್ರದ ಹಲ್ಲುಗಳ ಸಂಖ್ಯೆಗಿಂತ ಹಿಂದಿನ ಹಲ್ಲುಚಕ್ರದ್ದು ಜಾಸ್ತಿ ಇರಲಿ ಅಥವಾ ಸಮ ಇರಲಿ. ಸಡಿಲ ಮಣ್ಣಿನ ಏರಿನಲ್ಲಿ ಮಂಡಿ ಉಳಿಯುವುದು ಅದರಿಂದಲೇ.

ಗಾಳಿಯ ವಿಷಯಕ್ಕೆ ಬನ್ನಿ. ಎಲ್ಲರೂ ಟೈರು ಕಲ್ಲಿನಂತೆ ಆಗುವ ತನಕ ಪಂಪ್ ಹೊಡೆಯುತ್ತಾರೆ. ಗಟ್ಟಿ ಟೈರು ಜಲ್ಲಿಯ ಮೇಲೆ ಪುಟಿಯುತ್ತದೆ, ಹಿಡಿತವೇ ಸಿಗುವುದಿಲ್ಲ. 70 ಕಿಲೋ ತೂಗುವವರಿಗೆ 40 ಮಿಲಿಮೀಟರ್ ಟೈರಿನಲ್ಲಿ ಟ್ಯೂಬ್ ಇದ್ದರೆ ಸುಮಾರು 40 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ), ಟ್ಯೂಬ್‌ಲೆಸ್ ಆದರೆ 32ರ ಆಸುಪಾಸು ಸಾಕು. ಮುಂದಿನದಕ್ಕೆ ಇನ್ನೆರಡು ಕಡಿಮೆ. ಹೆಬ್ಬೆರಳಲ್ಲಿ ಒತ್ತಿದರೆ ಸ್ವಲ್ಪ ತಗ್ಗಬೇಕು.

ಬೇಲಿ ಪಕ್ಕದಲ್ಲೆಲ್ಲ ಜಾಲಿ ಮುಳ್ಳು. ಟ್ಯೂಬ್‌ಲೆಸ್ ಟೈರಿನೊಳಗೆ ಸೀಲಂಟ್ ಎಂಬ ಅಂಟು ದ್ರವ ಇದ್ದರೆ ತೂತು ತಾನೇ ಮುಚ್ಚಿಕೊಳ್ಳುತ್ತದೆ. ಟ್ಯೂಬ್ ಇರುವವರು ಎರಡು ಹೊಸ ಟ್ಯೂಬು, ಪ್ಯಾಚು, ಪಂಪು ಇಟ್ಟುಕೊಳ್ಳಿ. ಹೊಸ ಟ್ಯೂಬ್ ಹಾಕುವ ಮೊದಲು ಟೈರಿನ ಒಳಗೆ ಬೆರಳಾಡಿಸಿ ಮುಳ್ಳು ಕಿತ್ತಿರಾ? ಇಲ್ಲದಿದ್ದರೆ ಅದೂ ಹೋಯಿತು. ನೀರು ಎರಡು ಬಾಟಲಿ.

ಹತ್ತುವುದು, ಇಳಿಯುವುದು

ಏರಿನಲ್ಲಿ ಎದ್ದು ನಿಂತು ತುಳಿಯಬೇಡಿ. ಎದ್ದರೆ ಹಿಂದಿನ ಚಕ್ರದ ಮೇಲಿನ ಭಾರ ಹೋಗಿ ಅದು ಸುಮ್ನೆ ಗಿರಕಿ ಹೊಡೆಯುತ್ತದೆ. ಏರು ಶುರುವಾಗುವ ಮೊದಲೇ ಗೇರು ಇಳಿಸಿ, ಸೀಟಿನ ಮುಂದಿನ ತುದಿಗೆ ಸರಿದು, ಎದೆ ಬಗ್ಗಿಸಿ, ಒಂದೇ ಸಮ ತುಳಿಯಿರಿ.

ಇಳಿಜಾರಿನಲ್ಲಿ ಪೆಡಲ್‌ಗಳು ನೆಲಕ್ಕೆ ಸಮವಾಗಿರಲಿ, ಸೊಂಟ ಹಿಂದಕ್ಕೆ ಹೋಗಲಿ. ಬ್ರೇಕನ್ನು ತಿರುವಿಗೆ ಮುಂಚೆ ಹಾಕಿ ಮುಗಿಸಿ. ತಿರುವಿನಲ್ಲಿ ಮುಂದಿನ ಬ್ರೇಕ್ ಹಿಡಿದರೆ ಮೊಣಕೈ ಚರ್ಮ ಅಲ್ಲೇ ಉಳಿಯುತ್ತದೆ. ಟ್ರ್ಯಾಕ್ಟರ್ ಓಡಾಡಿ ಎರಡು ಜಾಡು ಬಿದ್ದಿರುತ್ತದೆ ಅಲ್ವಾ? ಒಂದು ಜಾಡು ಹಿಡಿದರೆ ಅದರಲ್ಲೇ ಹೋಗಿ. ದಾಟಲೇಬೇಕಾದರೆ ನಿಧಾನ ಮಾಡಿ, ಆದಷ್ಟು ಅಡ್ಡಡ್ಡ ದಾಟಿ. ಓರೆಯಾಗಿ ಹತ್ತಿಸಲು ಹೋದರೆ ಚಕ್ರ ಜಾರುತ್ತದೆ. ಮರಳು ಸಿಕ್ಕರೆ ಹ್ಯಾಂಡಲ್ ತಿರುಗಿಸಬೇಡಿ, ಬಿಗಿ ಹಿಡಿಯಬೇಡಿ, ತುಳಿಯುವುದನ್ನೂ ನಿಲ್ಲಿಸಬೇಡಿ.

ಕಣ್ಣು ಮುಂದಿನ ದಾರಿಯ ಮೇಲಿರಲಿ. ಹೇಳುವುದು ಸುಲಭ. ಎರಡೂ ಕಡೆ ಕಲ್ಲುಕಂಬ, ತಂತಿ, ಅದರ ಮೇಲೆ ಹಬ್ಬಿದ ಬಳ್ಳಿ, ಕೆಳಗೆ ತೂಗುವ ಗೊಂಚಲು ಇರುವಾಗ ಕಣ್ಣು ಎಲ್ಲಿ ನಿಲ್ಲುತ್ತದೆ?

ತೋಟದವರ ಜೊತೆ

ಇಲ್ಲಿ ಬೆಳೆಯುವ ಬೆಂಗಳೂರು ನೀಲಿ ದ್ರಾಕ್ಷಿಗೆ ಭೌಗೋಳಿಕ ಗುರುತು ಸಿಕ್ಕಿದೆ. ದಿಲ್‌ಖುಷ್ ತಳಿಯೂ ಜಾಸ್ತಿ. ಕೈಗೆ ಎಟುಕುತ್ತದೆ ಎಂದು ಕೀಳಬೇಡಿ. ಕಳ್ಳತನ ಅನ್ನುವುದು ಒಂದು. ಇನ್ನೊಂದು, ಅದರ ಮೇಲೆ ಏನು ಹೊಡೆದಿದ್ದಾರೋ ನಿಮಗೆ ಗೊತ್ತಿಲ್ಲ. ಎಲೆ ನೀಲಿ ಸುಣ್ಣ ಹಚ್ಚಿದಂತೆ ಕಂಡರೆ ಅದು ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೊ ದ್ರಾವಣ. ಮಲೆನಾಡಿನಲ್ಲಿ ಅಡಿಕೆ ಕೊಳೆಗೆ ಹೊಡೆಯುವುದೂ ಇದನ್ನೇ. ಇದು ಹುಟ್ಟಿದ್ದು ಮಾತ್ರ ಫ್ರಾನ್ಸಿನ ದ್ರಾಕ್ಷಿ ತೋಟದಲ್ಲಿ. ಔಷಧಿ ಹೊಡೆಯುತ್ತಿದ್ದರೆ ಗಾಳಿ ಅದನ್ನು ಹೊತ್ತು ತರುವ ಕಡೆ ನಿಲ್ಲಬೇಡಿ, ಮುಗಿಯುವ ತನಕ ಕಾಯಿರಿ. ಹಣ್ಣು ಬೇಕಾದರೆ ಕೊಯ್ಲಿನ ದಿನಗಳಲ್ಲಿ ಕೇಳಿ ಕೊಂಡುಕೊಳ್ಳಿ. ಬ್ಯಾಗಿನಲ್ಲಿ ಜಜ್ಜಿಹೋಗುತ್ತದೆ, ಅಲ್ಲೇ ತೊಳೆದು ತಿನ್ನುವುದೇ ಮೇಲು.

ತಡಿಕೆ ಮುಚ್ಚಿದ್ದರೆ ದಾಟಿದ ಮೇಲೆ ಮುಚ್ಚಿ. ನಾಯಿ ಬಂದರೆ ಓಡಿಸಲು ಹೋಗಬೇಡಿ. ಇಳಿದು, ಸೈಕಲ್ಲನ್ನು ನಡುವೆ ಇಟ್ಟುಕೊಂಡು ನಡೆಯಿರಿ. ಬೆಟ್ಟದ ಕಾಡಿನಲ್ಲಿ ಚಿರತೆ ಇವೆ, ಪೂರ್ತಿ ಬೆಳಕಾಗುವ ಮೊದಲು ಬೆಟ್ಟದಂಚಿಗೆ ಹೋಗಬೇಡಿ. ಅರಣ್ಯ ಇಲಾಖೆಯ ಫಲಕ ಕಂಡರೆ ಅಲ್ಲಿಂದ ವಾಪಸ್.

ಮನೆಗೆ ಬಂದ ಮೇಲೆ ಜೋರು ನೀರು ಹಾಯಿಸಬೇಡಿ, ಬೇರಿಂಗಿನೊಳಗೆ ಹೋಗುತ್ತದೆ. ಧೂಳು ಒಣಗಿದ್ದರೆ ಬ್ರಷ್ ಸಾಕು. ಚೈನನ್ನು ಹಳೇ ಬನಿಯನ್ನಿನಲ್ಲಿ ಹಿಡಿದು ಪೆಡಲ್ ಹಿಂದಕ್ಕೆ ತಿರುಗಿಸಿ. ಬಟ್ಟೆಗೆ ಕೆಂಪು ಹತ್ತುವುದು ನಿಂತ ಮೇಲೆ ಒಂದೊಂದು ಕೊಂಡಿಗೂ ಒಂದೊಂದು ಹನಿ ಎಣ್ಣೆ ಬಿಟ್ಟು, ಮೇಲಿನ ಜಿಡ್ಡು ಒರೆಸಿಬಿಡಿ.