ಡಿಸ್ಕ್ ಗಾಲ್ಫ್: ಮೊದಲ ಸುತ್ತು ಆಡುವುದು ಹೇಗೆ?

ಸ್ಯಾನ್ ಫ್ರಾನ್ಸಿಸ್ಕೊ ಸುತ್ತಮುತ್ತ ನೆಲೆಸಿರುವ ಮಗನ ಮನೆಗೋ ಮಗಳ ಮನೆಗೋ ಹೋದವರು ಗೋಲ್ಡನ್ ಗೇಟ್ ಸೇತುವೆಯನ್ನು ತಪ್ಪದೆ ನೋಡುತ್ತಾರೆ. ಅದೇ ಹೆಸರಿನ ಉದ್ಯಾನದ ಮರಗಳ ನಡುವೆ ಕಂಬಗಳ ಮೇಲೆ ನಿಂತ 18 ಬುಟ್ಟಿಗಳು ಮಾತ್ರ ಅನೇಕರ ಕಣ್ಣಿಗೆ ಬೀಳುವುದಿಲ್ಲ. ಅದು ಡಿಸ್ಕ್ ಗಾಲ್ಫ್ ಅಂಗಳ. ಆಡಲು ಶುಲ್ಕವಿಲ್ಲ. ಅರವತ್ತು ದಾಟಿದವರೂ ಧೈರ್ಯವಾಗಿ ಆಡಬಹುದು.

ಆಟ ಗಾಲ್ಫಿನದೇ. ಚೆಂಡಿನ ಬದಲು ಡಿಸ್ಕ್ ಎಂಬ ಹಾರುವ ಪ್ಲಾಸ್ಟಿಕ್ ತಟ್ಟೆ, ಗುಳಿಯ ಬದಲು ಸರಪಳಿ ಇಳಿಬಿಟ್ಟ ಬುಟ್ಟಿ. ಈ ಆಟದ ಜನಕರೆನಿಸಿದ ಎಡ್ ಹೆಡ್ರಿಕ್ 1975ರಲ್ಲಿ ಲಾಸ್ ಏಂಜಲೀಸ್ ಬಳಿಯ ಓಕ್ ಗ್ರೋವ್ ಪಾರ್ಕಿನಲ್ಲಿ ಮೊದಲ ಕಾಯಂ ಅಂಗಳ ಮಾಡಿದಾಗ ಗುರಿಯೆಂದರೆ ಬರೀ ಕಂಬ. ಡಿಸ್ಕ್ ಕಂಬಕ್ಕೆ ತಾಗಿತೋ ಇಲ್ಲವೋ ಎಂಬ ವಾದ ಮುಗಿಯುತ್ತಿರಲಿಲ್ಲ. ಅದಕ್ಕೆಂದೇ ಅವರು ಸರಪಳಿ ಬುಟ್ಟಿಯನ್ನು ರೂಪಿಸಿದರು.

ಮೊದಲು ಡಿಸ್ಕ್ ಆರಿಸಿ. ಅಂಗಡಿಯವರು ದೂರಕ್ಕೆ ಡ್ರೈವರ್, ನಡುದೂರಕ್ಕೆ ಮಿಡ್‌ರೇಂಜ್, ಹತ್ತಿರಕ್ಕೆ ಪಟರ್ ಎಂದು ಮೂರು ಬಗೆ ತೋರಿಸುತ್ತಾರೆ. ಅಂಚು ಚೂಪಾದ ಡ್ರೈವರ್ ನೋಡಲು ಚೆಂದ, ಕೊಳ್ಳಬೇಡಿ. ಹಲವು ಡಿಸ್ಕ್‌ಗಳ ಮೇಲೆ ನಾಲ್ಕು ಅಂಕಿಗಳಿರುತ್ತವೆ. ಮೊದಲನೆಯದು ವೇಗದ್ದು. ಅಲ್ಲಿ 12 ಎಂದಿದ್ದರೆ, ಅಷ್ಟು ವೇಗ ನಿಮ್ಮ ತೋಳಿನಲ್ಲಿಲ್ಲದಿದ್ದರೆ ಬಲಗೈಯವರು ಎಸೆದ ಡಿಸ್ಕ್ ಬೇಗನೆ ಎಡಕ್ಕೆ ತಿರುಗಿ ನೆಲ ಕಚ್ಚುತ್ತದೆ. 2 ಅಥವಾ 3 ಎಂದಿರುವ ಪಟರ್ ಒಂದೇ ಸಾಕು, ಇಡೀ ಸುತ್ತಿಗೆ.

ಈಗ ಎಸೆತ. ಬಲಗೈಯವರು ಬಲ ಭುಜವನ್ನು ಗುರಿಯ ಕಡೆಗಿಟ್ಟು ಪಕ್ಕಕ್ಕೆ ತಿರುಗಿ ನಿಲ್ಲಬೇಕು. ನಾಲ್ಕು ಬೆರಳು ಅಂಚಿನ ಕೆಳಗೆ, ಹೆಬ್ಬೆರಳು ಮೇಲೆ. ಡಿಸ್ಕನ್ನು ಎದೆಯ ಮಟ್ಟದಲ್ಲಿ ಹಿಂದಕ್ಕೊಯ್ದು ನೇರ ಗೆರೆಯಲ್ಲಿ ಮುಂದಕ್ಕೆಳೆಯಿರಿ; ಒದ್ದೆ ಪಂಚೆ ಒದರುವಾಗ ಕೊನೆಗೆ ಮಣಿಕಟ್ಟಿನಲ್ಲಿ ಬರುವ ಜಾಡಿಕೆ ಇಲ್ಲಿಯೂ ಬೇಕು. ಡಿಸ್ಕನ್ನು ಗಾಳಿಯಲ್ಲಿ ಹಿಡಿದು ನಿಲ್ಲಿಸುವುದು ಆ ಜಾಡಿಕೆಯಿಂದ ಬರುವ ತಿರುಗುವಿಕೆಯೇ, ತೋಳ್ಬಲವಲ್ಲ. ಮುಂದಿನ ಅಂಚು ಮೇಲೆದ್ದರೆ ಡಿಸ್ಕ್ ಆಕಾಶಕ್ಕೇರಿ, ಅಲ್ಲೇ ತಡವರಿಸಿ, ಹತ್ತಿರದಲ್ಲೇ ಬೀಳುತ್ತದೆ. ಹೊಸಬರ ಎಸೆತಗಳು ಕೆಡುವುದು ಹೆಚ್ಚಾಗಿ ಹೀಗೆಯೇ. ಅಂಚನ್ನು ತುಸು ತಗ್ಗಿಸಿ, ಅರ್ಧ ಬಲದಿಂದ ಎಸೆದು ನೋಡಿ.

ಸಾಗರದಿಂದ ಬೀಸುವ ಪಡುವಣ ಗಾಳಿ ಈ ಉದ್ಯಾನದ ಖಾಯಂ ಆಟಗಾರ. ಎದುರುಗಾಳಿಯಲ್ಲಿ ಬಲಗೈಯವರ ಡಿಸ್ಕ್ ಬಲಕ್ಕೆ ಹೊರಳಿಕೊಳ್ಳುತ್ತದೆ, ಹಿಂಗಾಳಿಯಲ್ಲಿ ಬೇಗ ಕುಸಿಯುತ್ತದೆ. ಎದುರುಗಾಳಿಗೆ ಮದ್ದು, ತಗ್ಗಿನಲ್ಲೇ ಎಸೆಯುವುದು; ಹಿಂಗಾಳಿಗೆ, ತುಸು ಎತ್ತರಕ್ಕೆ ಎಸೆಯುವುದು.

ಎಲ್ಲರೂ ಎಸೆದ ಮೇಲೆ, ಬುಟ್ಟಿಯಿಂದ ಹೆಚ್ಚು ದೂರದಲ್ಲಿರುವವರು ಮುಂದಿನ ಎಸೆತ ಎಸೆಯುತ್ತಾರೆ. ಡಿಸ್ಕ್ ಬಿದ್ದ ಜಾಗದ ಹಿಂದೆಯೇ ಕಾಲೂರಬೇಕು. ಕೊಂಬೆಯಲ್ಲಿ ಸಿಕ್ಕಿಕೊಂಡಿದ್ದರೆ ಅದರ ನೇರ ಕೆಳಗಿನಿಂದ ಆಟ ಮುಂದುವರಿಯುತ್ತದೆ. ಪೊದೆಯಲ್ಲಿ ಕಾಣೆಯಾದರೆ ಹುಡುಕಲು ಮೂರು ನಿಮಿಷ. ಸಿಗದಿದ್ದರೆ ಒಂದು ಎಸೆತದ ದಂಡ ಸೇರಿಸಿಕೊಂಡು ಹಿಂದಿನ ಜಾಗಕ್ಕೇ ಮರಳಬೇಕು.

ಬುಟ್ಟಿಗೆ ಹತ್ತು ಮೀಟರಿನೊಳಗೆ ಬಂದ ಮೇಲೆ ಎಸೆದ ರಭಸಕ್ಕೆ ಮುಂದೆ ಹೆಜ್ಜೆಯಿಡುವಂತಿಲ್ಲ. ಜಾಗದಲ್ಲೇ ಸಮತೋಲ ತೋರಿಸಬೇಕು. ಸರಪಳಿಯ ನಡುಭಾಗಕ್ಕೆ ಗುರಿಯಿಡಿ. ಝಣ್ ಎಂದು ಸದ್ದಾದ ಮಾತ್ರಕ್ಕೆ ಕೇಕೆ ಹಾಕಬೇಡಿ; ಡಿಸ್ಕ್ ಹೊರಗೆ ಚಿಮ್ಮಿ ಬೀಳುವುದೂ ಉಂಟು. ಬುಟ್ಟಿಯ ನೆತ್ತಿಯ ಮೇಲೆ ಕೂತರೂ ಲೆಕ್ಕಕ್ಕಿಲ್ಲ.

ಒಟ್ಟು ಎಸೆತ ಕಡಿಮೆಯಾದವರೇ ಗೆದ್ದವರು. ಸಾಮಾನ್ಯವಾಗಿ ಒಂದೊಂದು ಬುಟ್ಟಿಗೆ ಮೂರು ಎಸೆತ ಎಂಬುದು ಪಳಗಿದವರ ಅಳತೆ. ಮೊದಲ ದಿನ ಐದಾರರಲ್ಲಿ ಮುಗಿಸಿದರೆ ಬೇಸರ ಬೇಡ. ಹಿಂದಿನ ಗುಂಪು ವೇಗವಾಗಿ ಬರುತ್ತಿದ್ದರೆ ಪಕ್ಕಕ್ಕೆ ಸರಿದು ದಾರಿ ಬಿಡಿ. ಡಿಸ್ಕ್ ಯಾರ ಕಡೆಗಾದರೂ ಹಾರಿದರೆ ‘ಫೋರ್!’ ಎಂದು ಕೂಗಿ. ಹೊರಡುವ ಮುನ್ನ ಡಿಸ್ಕಿನ ಹಿಂಬದಿಯಲ್ಲಿ ಅಳಿಸದ ಮಸಿಯಿಂದ ಫೋನ್ ನಂಬರ್ ಬರೆದಿಡಿ. ಪೊದೆಯಲ್ಲಿ ಸಿಕ್ಕ ಡಿಸ್ಕಿನ ಮೇಲೆ ನಂಬರ್ ಇದ್ದರೆ ಕರೆ ಮಾಡಿ ಹಿಂತಿರುಗಿಸುವ ರೂಢಿ ಈ ಆಟಗಾರರಲ್ಲಿದೆ.